ದೇವದುರ್ಗದ ಕೊಪ್ಪರಿಗೆ ಬಾರದ ಬೇಸಿಗೆ

ಹೋದ ತಿಂಗಳು ಅಕ್ಕನ ಮೊಮ್ಮಗಳ ಮದುವೆಗೆಂದು ರಾಯಚೂರಿಗೆ ಹೋಗಿದ್ದೆ. ಉಂಡು ಕೈ ತೊಳೆಯಲು ಮಂಟಪದ ಹಿಂದಿನ ಬಯಲಿಗೆ ಬಂದರೆ ನವಸಾಗರದ ಹೊಗೆ ಮೂಗಿಗೆ ಬಡಿಯಿತು. ತಾಮ್ರದ ಪಾತ್ರೆಯನ್ನು ಕೆಂಡದ ಮೇಲೆ ಕಾಯಿಸಿ, ಆ ಬಿಳಿ ಪುಡಿ ಉದುರಿಸಿ, ತವರ ಸವರಿ, ಹತ್ತಿಯ ಉಂಡೆಯಿಂದ ಉಜ್ಜುವಾಗ ಏಳುವ ಹೊಗೆ. ಗಂಟಲು ಹಿಡಿಯುತ್ತದೆ, ಕಣ್ಣಲ್ಲಿ ನೀರು ಬರಿಸುತ್ತದೆ, ಆದರೂ ನನಗೆ ಇಷ್ಟ. ಗೋಡೆಯ ನೆರಳಲ್ಲಿ ಕಲಾಯಿಯವನೊಬ್ಬ ದೊಡ್ಡ ಕೊಪ್ಪರಿಗೆಯೊಳಗೆ ಅರ್ಧ ಇಳಿದು ಉಜ್ಜುತ್ತಿದ್ದ. ಬಗ್ಗಿ ನೋಡಿದೆ. ಅಂಚಿನ ಮೇಲೆ ಉಳಿಯಿಂದ ಕೊರೆದ ‘ದೇ’ ಎಂಬ ಅಕ್ಷರ ಇನ್ನೂ ಇತ್ತು.

“ಯಾಕ್ರಿ ಅಮ್ಮಾ, ನಿಮ್ಮ ಪೈಕಿದೇನು?” ಎಂದ.

“ಒಂದು ನಮೂನಿ ನಮ್ಮದ ಅಂತ ತಿಳಕೋಪಾ,” ಎಂದೆ. ಒಳಗಿಂದ ಫೋಟೋಕ್ಕೆ ಕರೆಯುತ್ತಿದ್ದರು. ನಾನು ಸೆರಗು ಮೂಗಿಗೆ ಹಿಡಿದು ಅಲ್ಲೇ ನಿಂತೆ.

ಎಂಬತ್ತರ ದಶಕದ ಕೊನೆಯ ಒಂದು ಬೇಸಿಗೆ ಅದು. ಬಿ.ಕಾಂ. ಮುಗಿಸಿ, ಕಂಪ್ಯೂಟರ್ ಕಲಿತು, ರಾಯಚೂರಿನ ಸಣ್ಣದೊಂದು ಕಂಪ್ಯೂಟರ್ ಸೆಂಟರಿನಲ್ಲಿ ನಾನು ಕೆಲಸಕ್ಕೆ ಸೇರಿದ್ದೆ. ಅಪ್ಪ ಗಂಜ್ ಮಾರುಕಟ್ಟೆಯಲ್ಲಿ ಹತ್ತಿ ಅಂಡಿಗೆ ಹೊರುವ ಹಮಾಲಿ. ಮನೆಯಲ್ಲಿ ಬುದ್ಧನ ಪಟದ ಕೆಳಗೆ ನನ್ನ ಸರ್ಟಿಫಿಕೇಟನ್ನು ಕಟ್ಟು ಹಾಕಿಸಿ ತೂಗುಬಿಟ್ಟಿದ್ದ. “ನನ್ನ ಮಗಳು ಎಸಿ ಖೋಲಿಯಾಗ ಕುಂತು ಟಿವಿ ಮ್ಯಾಲ ಬರೀತಾಳ,” ಎಂದು ಗಂಜಿಗೆಲ್ಲ ಸಾರಿದ್ದ. ಎಸಿ ಇದ್ದದ್ದು ನಿಜ. ಅದು ಯಂತ್ರಕ್ಕೆ, ನಮಗಲ್ಲ. ಕರೆಂಟು ಕಡಿಮೆಯಿದ್ದ ದಿನ ಯಂತ್ರದ ಕಡೆಗೆ ಗಾಳಿ ತಿರುಗಿಸಿ ನಾವು ಬೆವರುತ್ತ ಕೂಡುತ್ತಿದ್ದೆವು. ಸೆಂಟರಿನ ಮಾಲೀಕರು ಪ್ರಸಾದರಾವ್ ಅಂತ. ಹೈದರಾಬಾದಿನಲ್ಲಿ ಓದಿ ಬಂದವರು, ಕನ್ನಡ ಮಾತಾಡುತ್ತ ಮಾತಾಡುತ್ತ ತೆಲುಗಿಗೆ ಜಾರಿಬಿಡುವವರು. ವ್ಯಾಪಾರಿಗಳ ಲೆಕ್ಕ ಇಡುವ ಪ್ರೋಗ್ರಾಮೊಂದನ್ನು ತಾವೇ ಬರೆದಿದ್ದರು. ಅದನ್ನು ಕೊಳ್ಳಲು ಬಂದ ಮೊದಲ ಗಿರಾಕಿ ಅಮರೇಶಪ್ಪ.

ಅಮರೇಶಪ್ಪನವರನ್ನು ನಾನು ಮೊದಲೇ ಬಲ್ಲೆ. ಅವರದು ಶಾಮಿಯಾನದಂಗಡಿ. ಮದುವೆಗೆ, ಮುಂಜಿಗೆ, ಸತ್ತವರ ದಿವಸಕ್ಕೆ ಬೇಕಾದ ಡೇರೆ, ಜಮಖಾನೆ, ಅಡುಗೆಯ ಪಾತ್ರೆ ಎಲ್ಲ ಬಾಡಿಗೆಗೆ ಕೊಡುತ್ತಿದ್ದರು. ಮೂಲತಃ ಕುರಿ ಸಾಕುವ ಮನೆತನ. ಅವರೂ ಅವರಣ್ಣನೂ ದೇವದುರ್ಗದಲ್ಲಿ ಹಿಂಡು ಮಾರಿ ಮೊದಲ ಹಂಡೆ ತಂದವರು. ನಮ್ಮ ಅಕ್ಕನ ಮದುವೆಗೆ ಅಪ್ಪ ಪಾತ್ರೆ ಕೇಳಲು ಹೋದಾಗ ಬಾಗಿಲಲ್ಲೇ ನಿಂತು, “ನಮ್ಮ ಓಣಿಗೆ ಕೊಡ್ತೀರೇನ್ರಿ?” ಎಂದು ಕೇಳಿದ್ದನಂತೆ. ಇತರ ಅಂಗಡಿಯವರು ಕೊಡುತ್ತಿರಲಿಲ್ಲ. ಅಮರೇಶಪ್ಪ, “ಎಷ್ಟು ಮಂದಿ ಊಟಕ್ಕ, ಅದನ್ನ ಮೊದಲ ಹೇಳು,” ಎಂದು ಒಳಗೆ ಕರೆದು ಕೂಡಿಸಿದರಂತೆ. ಆ ಒಂದು ಮಾತಿಗೆ ನಮ್ಮ ಮನೆಯಲ್ಲಿ ಅವರ ಹೆಸರು ದೇವರ ಪಕ್ಕ ಇತ್ತು.

ಈಗ ಅವರಿಗೆ ಮೂರು ಅಂಗಡಿ. ರಾಯಚೂರಿನದು ಅವರೇ ನೋಡುತ್ತಿದ್ದರು. ಮಾನ್ವಿಯದು ತಂಗಿಯ ಮಗ ಈರಣ್ಣನ ಕೈಯಲ್ಲಿತ್ತು. ಕಾಲುವೆ ನೀರು ಬಂದು ಆ ಕಡೆ ಭತ್ತ ಬೆಳೆಯುತ್ತಿತ್ತು, ಪೋತ್ನಾಳದ ತನಕ ಮದುವೆಗಳು ಜೋರು. ಮೂರನೆಯದು ದೇವದುರ್ಗದ ಮೂಲ ಅಂಗಡಿ. ಅಣ್ಣ ತೀರಿಕೊಂಡ ಮೇಲೆ ಅದನ್ನು ಅತ್ತಿಗೆ ಮಲ್ಲಮ್ಮ ನಡೆಸುತ್ತಿದ್ದಳು. ಒಣ ಸೀಮೆ, ಸಣ್ಣ ಮದುವೆ, ಕಮ್ಮಿ ಬಾಡಿಗೆ.

ಪ್ರಸಾದರಾವ್ ಸರ್ ಯಂತ್ರದ ಮುಂದೆ ಕುರ್ಚಿ ಎಳೆದು ಕೇಳಿದ ಮೊದಲ ಪ್ರಶ್ನೆ ಇದು: “ಮೂರೂ ಅಂಗಡಿ ಒಂದೇ ವ್ಯಾಪಾರಮಾ, ಬೇರೆ ಬೇರೆ ವಿಭಾಗಮಾ?”

ಅಮರೇಶಪ್ಪ ಟೋಪಿ ತೆಗೆದು ತಲೆ ಕೆರೆದುಕೊಂಡರು. “ಮನಿ ಒಂದರಿ. ಅಂಗಡಿ ಮೂರು.”

“ಅದು ಕಾದಂಡಿ, ಅದಲ್ಲ ನಾ ಕೇಳಿದ್ದು. ಲೆಕ್ಕದಾಗ ಒಂದಾ, ಮೂರಾ? ಒಮ್ಮೆ ಒಡೆದರೆ ಮತ್ತೆ ಕೂಡಿಸೋದು ಕಷ್ಟ. ಒಡೀಲಿಲ್ಲ ಅಂದರೆ ಯಾರು ದುಡಿದರು, ಯಾರು ಕೂತು ಉಂಡರು ತಿಳಿಯೋದಿಲ್ಲ.”

ಉತ್ತರ ಕೊಟ್ಟವನು ಈರಣ್ಣ. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಕೆಟ್ಟವನಲ್ಲ, ಅವಸರದವನು. “ಮೂರು ಮಾಡ್ರಿ ಸರ. ಈ ಸೀಜನ್ ನೋಡೂಣು. ದೇವದುರ್ಗ ಲುಕ್ಸಾನ ತೋರಿಸಿದ್ರ ಆಷಾಢಕ್ಕ ಮುಚ್ಚೂಣು. ಅತ್ತಿ ಈ ವಯಸ್ಸಿನಾಗ ಅಲ್ಲಿ ಒಬ್ಬಾಕಿನ ಯಾಕಿರಬೇಕು? ರಾಯಚೂರ ಮನಿಗೆ ಬರ್ಲಿ, ಆರಾಮ ಇರ್ಲಿ.”

ಅಮರೇಶಪ್ಪ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. “ಮಣ್ಣೆತ್ತಿನ ಅಮಾಸಿ ತನಕ ನೋಡೂಣು,” ಎಂದರು. ಪರೀಕ್ಷೆಗೆಂದು ಸರ್ ಸದ್ಯಕ್ಕೆ ಮೂರು ವಿಭಾಗ ಮಾಡಿಟ್ಟರು. ಹೀಗೆ ಮಲ್ಲಮ್ಮನ ಅಂಗಡಿ ಉಳಿಯುವುದೋ ಮುಚ್ಚುವುದೋ ಎಂಬುದು ನಮ್ಮ ಹಸಿರು ಅಕ್ಷರದ ಪರದೆಗೆ ಬಂದು ಕೂತಿತು. ಪಾಪ, ಅವಳಿಗೆ ಕಂಪ್ಯೂಟರ್ ಎಂದರೇನೆಂದೇ ಗೊತ್ತಿರಲಿಲ್ಲ.

ವೈಶಾಖದ ಬಿಸಿಲು. ಮೂರೂ ಅಂಗಡಿಯ ಚೀಟಿಗಳು ವಾರಕ್ಕೊಮ್ಮೆ ಗೋಣಿಚೀಲದಲ್ಲಿ ಬರುತ್ತಿದ್ದವು. ಅರಿಶಿನದ ಕಲೆ, ಎಣ್ಣೆಯ ಕಲೆ, ಕೆಲವಕ್ಕೆ ಹುಗ್ಗಿಯೇ ಅಂಟಿರುತ್ತಿತ್ತು. ಕರೆಂಟು ಹೋದರೆ ಕೂಡಿಸಿದ್ದೆಲ್ಲ ಅಳಿಸಿಹೋಗಿ ಮತ್ತೆ ಮೊದಲಿಂದ. ಶಕ್ತಿನಗರದ ಕರೆಂಟು ಕಾರ್ಖಾನೆಯ ಚಿಮಣಿಯ ಹೊಗೆ ನಮ್ಮ ಮಾಳಿಗೆಯಿಂದ ಕಾಣುತ್ತಿತ್ತು. ಅದನ್ನು ನೋಡುತ್ತ, ಬೀಸಣಿಕೆ ಬೀಸಿಕೊಳ್ಳುತ್ತ ಕರೆಂಟಿಗೆ ಕಾಯುತ್ತಿದ್ದೆವು.

ಸೀಜನ್ ಅರ್ಧವಾದಾಗ ಪ್ರಿಂಟರ್ ಕರ್ ಕರ್ ಎಂದು ಮೊದಲ ವರದಿ ಹೊರಹಾಕಿತು. ಮಾನ್ವಿ ಚೆನ್ನಾಗಿತ್ತು. ರಾಯಚೂರು ಇನ್ನೂ ಚೆನ್ನಾಗಿತ್ತು. ದೇವದುರ್ಗದ ವಿಭಾಗದಲ್ಲಿ ಮಾತ್ರ ಬರೀ ಮುರಿದದ್ದು, ಹರಿದದ್ದು, ತೂತು ಬಿದ್ದದ್ದು. ಆ ಹಾಳೆ ನೋಡಿದರೆ ದೇವದುರ್ಗದ ಬೀಗರು ಊಟಕ್ಕಲ್ಲ, ಕುಸ್ತಿಗೆ ಬರುತ್ತಾರೆ ಅನ್ನಬೇಕು. ಈರಣ್ಣ ಹಾಳೆ ಮಡಚಿ, “ಇನ್ನೇನು ನೋಡೋದದ ಮಾಮಾ?” ಎಂದ.

ಅಮರೇಶಪ್ಪ ನನ್ನ ಕಡೆ ತಿರುಗಿದರು. “ಸುಜಾತಾ, ನೀ ಒಮ್ಮಿ ಹೋಗಿ ನೋಡಿ ಬಾರವ್ವ. ಮಶೀನು ಊರು ನೋಡಿಲ್ಲ.”

ಗಬ್ಬೂರಿನ ಮೇಲಿಂದ ಬಸ್ಸಿನಲ್ಲಿ ಕುಲುಕಾಡುತ್ತ ದೇವದುರ್ಗಕ್ಕೆ ಹೋದೆ. ಮಲ್ಲಮ್ಮ ಅಂಗಡಿಯ ಕಟ್ಟೆಯ ಮೇಲೆ ಕೂತು ದಬ್ಬಳದಿಂದ ಹರಿದ ಜಮಖಾನೆ ಹೊಲಿಯುತ್ತಿದ್ದಳು. ಎತ್ತರದ ಹೆಂಗಸು, ಹಣೆ ಅಗಲ, ಧ್ವನಿ ದೊಡ್ಡದು. ನಾನು ಯಾರೆಂದು ಹೇಳುವ ಮೊದಲೇ, “ಬಾ, ಮೊದಲ ನೀರು ಕುಡಿ. ಬಿಸಲಾಗ ಬಂದೀ,” ಎಂದು ತಂಬಿಗೆ ಮುಂದಿಟ್ಟಳು.

ಆ ಜಮಖಾನೆ ಎಲ್ಲಿ ಹರಿಯಿತು ಎಂದು ಕೇಳಿದೆ. ರಾಯಚೂರಿನಲ್ಲಿ, ವಕೀಲರ ಮನೆಯ ಮದುವೆಯಲ್ಲಿ. ಮೂಲೆಯ ಸೊಟ್ಟ ಬೋಗುಣಿ? ಅದೂ ರಾಯಚೂರಿನಲ್ಲೇ ಸೊಟ್ಟಗಾದದ್ದು. ಆಗ ನನಗೆ ಅರ್ಥವಾಯಿತು. ಅಮರೇಶಪ್ಪನವರ ಮನೆತನದ್ದು ಹಳೆಯ ರೂಢಿ: ಯಾವ ಅಂಗಡಿಯಿಂದ ಪಾತ್ರೆ ಹೋಯಿತೋ ಅದೇ ಅಂಗಡಿಗೆ ತಿರುಗಿ ಬರಬೇಕು, ಒಡೆದಿರಲಿ, ಸುಟ್ಟಿರಲಿ. ಕುರಿ ಮೇಯಿಸುವ ಕಾಲದಿಂದ ಬಂದ ರೂಢಿ. ಎಲ್ಲಿ ಮೇದರೂ ಕುರಿ ತನ್ನ ಹಟ್ಟಿಗೇ ಬರಬೇಕಲ್ಲ. ಬಾಡಿಗೆ ಮಾತ್ರ ಗಿರಾಕಿ ಬಂದ ಅಂಗಡಿಯ ಚೀಟಿಗೆ ಸೇರುತ್ತಿತ್ತು. ರಾಯಚೂರಿನ ದೊಡ್ಡ ಮದುವೆಗೆಲ್ಲ ಇಲ್ಲಿಂದ ಲಾರಿ ತುಂಬಿ ಹೋಗುತ್ತಿತ್ತು. ದುಡಿಮೆ ಅಲ್ಲಿ ಉಳಿದು, ತೂತು ಇಲ್ಲಿಗೆ ಬರುತ್ತಿತ್ತು. ಯಾರೂ ಮೋಸ ಮಾಡಿರಲಿಲ್ಲ. ಎಲ್ಲ ಒಂದೇ ಆಗಿದ್ದಾಗ ಅದು ಯಾರ ಕಣ್ಣಿಗೂ ಬೀಳುವಂತಿರಲಿಲ್ಲ.

“ಹೀಂಗ ಒಯ್ದಾಗ ನೀವು ಏನೂ ಅನ್ನಂಗಿಲ್ಲೇನು?” ಎಂದೆ.

“ಏನಂತ ಅನ್ನಲಿ? ಲಾರಿ ಬರತಾದ, ತುಂಬ್ಕೊಂಡು ಹೋಗತಾದ. ನನ್ನ ಕೇಳಿ ಯಾರು ಒಯ್ಯತಾರ?” ದಬ್ಬಳ ಎಳೆದಳು. “ಅಮರೇಶ ಕೆಟ್ಟಾವಲ್ಲ. ನಾ ಈ ಮನಿಗೆ ಬಂದಾಗ ಅವ ಇಷ್ಟು ಇದ್ದ, ನನ್ನ ಕೈಲೇ ಉಂಡಾನ. ಅವರಣ್ಣ ಇದ್ದಾಗ ಕೇಳತಿದ್ದ. ಈಗ ಕೇಳಬೇಕಂತ ಅವಗ ಹೊಳಿಯಂಗಿಲ್ಲ, ಅಷ್ಟ.”

ನಾವು ಮಾತಾಡುತ್ತಿರುವಾಗಲೇ ಹುಲಿಗೆಮ್ಮ ಬಂದಳು. ಕೂಲಿ ಮಾಡುವ ಓಣಿಯ ಹೆಂಗಸು, ನಮ್ಮವರೇ. ಕಿರಿಯ ಮಗಳ ಮದುವೆ ಸೀಜನ್ನಿನ ಕೊನೆಯ ಮುಹೂರ್ತಕ್ಕೆ ಗೊತ್ತಾಗಿತ್ತು. ದೊಡ್ಡ ಕೊಪ್ಪರಿಗೆ ಬೇಕಿತ್ತು, ಅಷ್ಟು ದೊಡ್ಡದು ಮೂರೂ ಅಂಗಡಿಯಲ್ಲಿ ಅದೊಂದೇ. ಹಿರಿಯ ಮಗಳ ಮದುವೆಗೂ ಅದನ್ನೇ ಹೇಳಿದ್ದಳು. ಆದರೆ ಹಿಂದಿನ ದಿನ ರಾಯಚೂರಿನಿಂದ ಲಾರಿ ಬಂದು ಒಯ್ದಿತ್ತು. ಸಣ್ಣ ಸಣ್ಣ ಗಡಿಗೆಗಳಲ್ಲಿ ಅಡುಗೆ ಮಾಡಿ, ಸಾಲದೆ, ಬೀಗರು ಎಲೆಯ ಮುಂದೆ ಕಾದು ಕೂತಿದ್ದರಂತೆ. ಆ ಹುಡುಗಿಗೆ ಗಂಡನ ಮನೆಯಲ್ಲಿ ಇವತ್ತಿಗೂ ಅದೇ ಮಾತಂತೆ: ‘ಉಪಾಸ ಕೆಡವಿದವರ ಮಗಳು.’

“ಯವ್ವಾ, ಈ ಸಲರೆ ನನ್ನ ಮರ್ಯಾದಿ ಉಳಸ,” ಎಂದಳು ಹುಲಿಗೆಮ್ಮ.

“ಕೊಡ್ತೀನಿ ಹೋಗ,” ಎಂದಳು ಮಲ್ಲಮ್ಮ. ಹುಲಿಗೆಮ್ಮ ಹೋದ ಮೇಲೆ ದಬ್ಬಳ ಕೈಯಲ್ಲೇ ಹಿಡಿದು ರಾಯಚೂರಿನ ದಾರಿಯ ಕಡೆ ನೋಡಿದಳು. ಕೊಡುವುದು ತನ್ನ ಕೈಯಲ್ಲಿದೆಯೋ ಇಲ್ಲವೋ ಅವಳಿಗೇ ಗೊತ್ತಿರಲಿಲ್ಲ.

ರಾಯಚೂರಿಗೆ ಬಂದು ಕಂಡದ್ದನ್ನು ಕಂಡ ಹಾಗೆ ಹೇಳಿದೆ. ಸರ್ ಉತ್ಸಾಹದಿಂದ ತೊಡೆ ತಟ್ಟಿಕೊಂಡರು. ಒಂದು ವಿಭಾಗದ ಸಾಮಾನು ಇನ್ನೊಂದಕ್ಕೆ ಹೋದರೆ ಅಲ್ಲಿಂದ ಇಲ್ಲಿಗೆ ಬಾಡಿಗೆ ಬರೆಯಬಹುದು, ಪ್ರೋಗ್ರಾಮಿನಲ್ಲಿ ಒಂದು ಸಾಲು ಸೇರಿಸಿದರಾಯಿತು ಎಂದರು. ಈರಣ್ಣ ನಕ್ಕುಬಿಟ್ಟ.

“ನಮ್ಮ ಎಡಗೈ ಬಲಗೈಗೆ ಬಾಡಿಗಿ ಕೊಡತದೇನ್ರಿ ಸರ? ಬಾಡಿಗಿ ಯಾವಾಗ ಅಂತಾರ? ಎದುರಿನಾಂವ ಒಲ್ಲೆ ಅನ್ನಾಕ ಬರ್ತಿದ್ರ. ದೇವದುರ್ಗ ಯಾವಾಗರೆ ಒಲ್ಲೆ ಅಂದದೇನು?”

ಮಾತು ಸುಳ್ಳಲ್ಲ. ಅದಕ್ಕೇ ನನಗೆ ಸಿಟ್ಟು ಬಂತು. ಅಮರೇಶಪ್ಪ ಎದ್ದು ಟೋಪಿ ಹಾಕಿಕೊಂಡು, “ಅಮಾಸಿ ಬರ್ಲಿ,” ಎಂದು ಹೊರಟುಹೋದರು.

ಕೊನೆಯ ಮುಹೂರ್ತದ ಹಿಂದಿನ ದಿನ. ಗಂಜಿನ ದೊಡ್ಡ ಹತ್ತಿ ವ್ಯಾಪಾರಿಯ ಮಗನ ಮದುವೆ ರಾಯಚೂರಿನಲ್ಲಿ. ಅಮರೇಶಪ್ಪ, ಈರಣ್ಣ ಇಬ್ಬರೂ ಸೆಂಟರಿನಲ್ಲೇ ಕೂತು ಯಾವ ಸಾಮಾನು ಎಲ್ಲಿದೆ ಎಂದು ಪರದೆಯಲ್ಲಿ ನೋಡುತ್ತಿದ್ದರು. ದೇವದುರ್ಗಕ್ಕೆ ಹೋಗಿದ್ದ ಲಾರಿ ಬಂದು ಬಾಗಿಲಿಗೆ ನಿಂತಿತು. ಡ್ರೈವರ್ ಒಳಗೆ ಬಂದು ಗೋಡೆಗೆ ಒರಗಿದ.

“ಜಮಖಾನಿ ಕೊಟ್ಟಾರ್ರಿ. ಕೊಪ್ಪರಿಗಿ ಕೊಡಲಿಲ್ಲ.”

“ಯಾಕ?” ಈರಣ್ಣ ಕೇಳಿದ.

“ಅಮ್ಮ ‘ಇಲ್ಲ’ ಅಂದ್ರು.”

“ಇಲ್ಲ ಅಂದ್ರ? ಕೊಪ್ಪರಿಗಿ ಇದ್ದಿದ್ದಿಲ್ಲೇನು?”

“ಇತ್ರಿ. ನನ್ನ ಕಣ್ಣ ಮುಂದ ಇತ್ತು. ಕೊಡಂಗಿಲ್ಲ ಅಂದ್ರು. ಬಾಗಲದಾಗ ಅಡ್ಡ ನಿಂತ್ರು.”

ಈರಣ್ಣನ ಮುಖ ಕೆಂಪಾಯಿತು. “ನೋಡಿದ್ರಿ ಮಾಮಾ? ಇದಕ್ಕ ನಾ ಹೇಳೋದು. ನಾಳೆನ ಬೀಗ ಹಾಕ್ರಿ!” ಎಂದು ಕೂಗಾಡಿದ. ಅಮರೇಶಪ್ಪ ಎದ್ದು ಹೊರಗೆ ಹೋದರು. ಊರಿನ ಇನ್ನೊಬ್ಬ ಶಾಮಿಯಾನದವನ ಹತ್ತಿರ, ಜನ್ಮದಲ್ಲಿ ಮೊದಲ ಸಲ, ಕೊಪ್ಪರಿಗೆ ಬಾಡಿಗೆಗೆ ತಂದು ವ್ಯಾಪಾರಿಯ ಮನೆಗೆ ಮುಟ್ಟಿಸಿದರು. ಮರುದಿನ ಬೆಳಿಗ್ಗೆ ಸೆಂಟರಿಗೆ ಬಂದು, “ನಡಿ ಸುಜಾತಾ, ದೇವದುರ್ಗಕ್ಕ ಹೋಗೂಣು. ಹೊರಗಿನವರು ಇದ್ರ ಅಕಿ ಬೈಯೋದು ಕಮ್ಮಿ ಮಾಡ್ತಾಳ,” ಎಂದರು. ಆದರೆ ಬೈಯುವವರು ಯಾರು, ಬೈಸಿಕೊಳ್ಳುವವರು ಯಾರು ಎಂದು ಅವರ ಮುಖ ನೋಡಿದರೆ ಗೊತ್ತಾಗುತ್ತಿರಲಿಲ್ಲ.

ಅಂಗಡಿಗೆ ಬೀಗ. ಕೇಳಿಕೊಂಡು ಹುಲಿಗೆಮ್ಮನ ಓಣಿಗೆ ಹೋದೆವು. ಬೇವಿನ ಗಿಡದ ಕೆಳಗೆ ಮೂರು ಬಂಡೆಗಳ ಮೇಲೆ ಕೊಪ್ಪರಿಗೆ ಕೂತಿತ್ತು. ಒಳಗೆ ಗೋಧಿ ಹುಗ್ಗಿ ಕೊತಕೊತ ಕುದಿಯುತ್ತಿತ್ತು, ಓಣಿಯ ತುಂಬ ಬೆಲ್ಲದ ವಾಸನೆ. ಬೀಗರು ಸಾಲಾಗಿ ಕೂತು ಉಣ್ಣುತ್ತಿದ್ದರು. ಒಲೆಯ ಪಕ್ಕ ಕಲ್ಲಿನ ಮೇಲೆ ಮಲ್ಲಮ್ಮ ಕೂತಿದ್ದಳು. ಮೈದುನನನ್ನು ಕಂಡರೂ ಏಳಲಿಲ್ಲ.

“ಬಂದೇನಪಾ ಅಮರೇಶಾ? ಇಕಾ, ಇಲ್ಲೇ ಅದ ನಿನ್ನ ಕೊಪ್ಪರಿಗಿ. ಬೆಂಕಿ ಮ್ಯಾಲಿಂದ ಇಳಿಸ್ಕೊಂಡು ಹೋಗಂಗಿದ್ರ ಹೋಗು. ನಾ ಮಾತು ಕೊಟ್ಟೀನಿ. ಅಂಗಡಿ ಮುಚ್ಚತೀಯಂತಲ್ಲ, ಮುಚ್ಚು. ಕೊಟ್ಟ ಮಾತಂತೂ ಮುಚ್ಚಂಗಿಲ್ಲ.”

ಅಂಗಡಿ ಮುಚ್ಚುವ ಮಾತು ಅವಳಿಗೆ ಹೇಗೆ ತಿಳಿಯಿತೋ. ಈರಣ್ಣ ಎಲ್ಲರ ಮುಂದೆ ಆಡುತ್ತಿದ್ದ, ಲಾರಿಯವರ ಬಾಯಿಂದ ಬಂದಿರಬೇಕು.

ಅಮರೇಶಪ್ಪ ಕೊಪ್ಪರಿಗೆಯನ್ನು ನೋಡಿದರು, ಉಣ್ಣುತ್ತಿದ್ದವರನ್ನು ನೋಡಿದರು. ಆಮೇಲೆ ಚಪ್ಪಲಿ ಬಿಟ್ಟು, ಪಂಕ್ತಿಯ ಕೊನೆಗೆ ಹೋಗಿ ಕೂತರು. “ಹುಗ್ಗಿ ನೀಡ್ರಪಾ. ಹಸಿವಿ ಆಗ್ಯಾದ,” ಎಂದರು. ಹುಲಿಗೆಮ್ಮ ಓಡಿಬಂದು ಎಲೆ ಹಾಕಿದಳು. ಅವರು ಎರಡನೆಯ ಸಲ ನೀಡಿಸಿಕೊಂಡು ಉಂಡರು. ನಾನೂ ಪಕ್ಕದಲ್ಲಿ ಕೂತು ಉಂಡೆ. ಮಲ್ಲಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಹೊಗೆ ಇತ್ತು ಅನ್ನಿ.

ಬಸ್ಸಿನಲ್ಲಿ ತಿರುಗಿ ಬರುವಾಗ ಗಬ್ಬೂರು ದಾಟುವ ತನಕ ಅಮರೇಶಪ್ಪ ಕಿಟಕಿಯ ಹೊರಗೆ ನೋಡುತ್ತಿದ್ದರು. ಆಮೇಲೆ ಹೇಳಿದರು: “ಹೊರಗಿನವಗ ಬಾಡಿಗಿ ಕೊಟ್ಟು ಕೊಪ್ಪರಿಗಿ ತಂದೆ ನೋಡು. ಅವ ಇಲ್ಲ ಅಂತಾನೇನೋ ಅಂತ ಅಂಜಿಕೆಂತ ಹೋಗಿದ್ದೆ. ಇಷ್ಟು ವರ್ಷ ಅಕಿ ಹತ್ರ ಸುಮ್ಮನ ತಂದೀನಿ. ಅಕಿ ಇಲ್ಲ ಅಂದಾಳು ಅಂತ ಒಂದು ದಿನ ಅಂಜಲಿಲ್ಲ.” ಆಮೇಲೆ ನನ್ನ ಕಡೆ ತಿರುಗಿದರು: “ನಿಮ್ಮ ಸರಗ ಹೇಳು. ಈಗ ಖರೇ ಬ್ಯಾರೆ ಮಾಡ್ರಿ. ಇಲ್ಲ ಅನ್ನಾಕ ಬರಲಾರದ ಅಂಗಡಿ ಬ್ಯಾರೆ ಮಾಡಿದ್ರ ಅದರ ಕುತ್ತಿಗಿ ಕೊಯ್ದಂಗ. ನಿನ್ನೆ ಅಕಿ ಅಂದಾಳ. ಆತು, ಇನ್ನ ಅದು ಅಕಿ ಅಂಗಡಿ.”

ನಾನು ಆಮೇಲೆ ಬ್ಯಾಂಕಿನಲ್ಲಿ ಎಷ್ಟೋ ವರ್ಷ ಕೆಲಸ ಮಾಡಿದೆ. ಯಾವ ವ್ಯಾಪಾರವನ್ನು ಯಾವಾಗ ವಿಭಾಗ ಮಾಡಬೇಕು ಎಂದು ದೊಡ್ಡ ದೊಡ್ಡವರು ಪಾಠ ಹೇಳಿದ್ದನ್ನು ಕೇಳಿದೆ. ಗಬ್ಬೂರಿನ ಆಚೆ ಕೇಳಿದ ಈ ಮಾತೇ ನನ್ನ ತಲೆಯಲ್ಲಿ ಉಳಿದದ್ದು.

ಆಷಾಢ ಬಂತು. ಮದುವೆಗಳು ನಿಂತವು. ಪ್ರತಿ ವರ್ಷದಂತೆ ಮೂರೂ ಅಂಗಡಿಯ ಪಾತ್ರೆಗಳು ಕಲಾಯಿಗೆಂದು ರಾಯಚೂರಿನ ಹಿತ್ತಲಿಗೆ ಬಂದು ಬಿದ್ದವು. ಕಲಾಯಿಯ ಖಾಜಾಸಾಬ ಒಲೆ ಹೂಡಿದ, ನವಸಾಗರದ ಹೊಗೆ ಓಣಿಗೆಲ್ಲ ಹರಡಿತು. ಬೇರೆ ವರ್ಷಗಳಲ್ಲಿ ಉಜ್ಜಿ ಮುಗಿದ ಮೇಲೆ ಎಲ್ಲ ಒಂದೇ ರಾಶಿ, ಯಾರದು ಯಾವುದೆಂದು ಗುರುತಿಲ್ಲದೆ ಅಂದಾಜಿನ ಮೇಲೆ ಲಾರಿಗೆ ಏರುತ್ತಿದ್ದವು. ಆ ವರ್ಷ ಉಳಿ ತಂದು ಅಂಚಿಗೆ ಒಂದೊಂದು ಅಕ್ಷರ ಕೊರೆಸಿದರು: ರಾ, ಮಾ, ದೇ. ಮಲ್ಲಮ್ಮನೇ ಬಂದು ನಿಂತು ತನ್ನವನ್ನು ಆರಿಸಿಕೊಂಡಳು. ಕೊಪ್ಪರಿಗೆಗೆ ಕೈ ಹಾಕಿದಾಗ ಈರಣ್ಣ ಬಾಯಿ ತೆರೆದ. ಮಾಮ ಅವನ ಕಡೆ ಒಮ್ಮೆ ನೋಡಿದರು. ಅವನೇ ಹೋಗಿ ಅದರ ಇನ್ನೊಂದು ಕಿವಿ ಹಿಡಿದು ಲಾರಿಗೆ ಏರಿಸಿದ. ಅದೇ ದಿನದಿಂದ ಕಂಪ್ಯೂಟರಿನಲ್ಲೂ ಮೂರು ವಿಭಾಗ ಹೊಸದಾಗಿ ಶುರು ಮಾಡಿದೆವು, ಹಳೆಯ ಮುರುಕು ಯಾವುದನ್ನೂ ದೇವದುರ್ಗದ ತಲೆಗೆ ಕಟ್ಟದೆ.

ಶ್ರಾವಣದಲ್ಲಿ ರಾಯಚೂರಿಗೆ ಒಂದು ದೊಡ್ಡ ಕಾರ್ಯ ಗೊತ್ತಾಯಿತು. ಫೋನು ಇದ್ದದ್ದು ನಮ್ಮ ಸೆಂಟರಿನಲ್ಲಿ. ಅಮರೇಶಪ್ಪ ಬಂದು ದೇವದುರ್ಗದಲ್ಲಿ ಮಲ್ಲಮ್ಮನ ಪಕ್ಕದ ಕಿರಾಣಿ ಅಂಗಡಿಗೆ ಹಚ್ಚಿಸಿದರು. ಆ ಕಡೆ ಯಾರೋ ಅವಳನ್ನು ಕರೆಯಲು ಹೋದರು. ಕಾಯುತ್ತ ಅಮರೇಶಪ್ಪ ಫೋನಿನ ವಯರನ್ನು ಬೆರಳಿಗೆ ಸುತ್ತುತ್ತಿದ್ದರು. ಟೋಪಿ ಸರಿ ಮಾಡಿಕೊಂಡರು, ಫೋನಿನಲ್ಲಿ ಕಾಣುತ್ತದೆ ಎನ್ನುವ ಹಾಗೆ.

“ಅತ್ತಿಗಿ, ನಾ ಅಮರೇಶ. ಇಲ್ಲೊಂದು ಕಾರ್ಯ ಅದ. ಕೊಪ್ಪರಿಗಿ ಬೇಕಾಗಿತ್ತು,” ಎಂದರು. ಮತ್ತೆ ಸಣ್ಣ ಧ್ವನಿಯಲ್ಲಿ ಕೇಳಿದರು, “ಕೊಡ್ತೀಯೇನು?”

ಆ ಕಡೆಯಿಂದ ಅವಳ ದೊಡ್ಡ ಧ್ವನಿ ನನಗೂ ಸರ್‌ಗೂ ಕೇಳುವಷ್ಟು ಸ್ಪಷ್ಟವಾಗಿ ಬಂತು.

“ನೋಡಿ ಹೇಳ್ತೀನಿ ತಡಿ.”

ಅಮರೇಶಪ್ಪ ಫೋನು ಕಿವಿಗೆ ಹಿಡಿದುಕೊಂಡೇ ನಮ್ಮ ಕಡೆ ತಿರುಗಿದರು. ಕಣ್ಣು ತುಂಬಿದ್ದವು, ಬಾಯಿ ನಗುತ್ತಿತ್ತು. “ನೋಡಿ ಹೇಳ್ತಾಳಂತ,” ಎಂದು ನಮಗೆ ಹೇಳಿ, ಕುರ್ಚಿ ಎಳೆದುಕೊಂಡು ಕಾಯುತ್ತ ಕೂತರು.